ಅಮ್ಮನ ಮುಷ್ಟಿ ಎಷ್ಟು ಗ್ರಾಂ? ಊರು ಬಿಟ್ಟ ನನ್ನ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ಬೆಂಗಳೂರು, ಮುಂಬಯಿ, ದುಬೈ, ಮಸ್ಕತ್ ಅಂತ ಹರಡಿಹೋಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಈ ಕಾಗದ. ನಿಮ್ಮಲ್ಲಿ ಕೆಲವರಿಗೆ ಮದುವೆಯಾಗಿದೆ, ಕೆಲವರು ಇನ್ನೂ ಮೂರು ನಾಲ್ಕು ಜನ ಸೇರಿ ಬಾಡಿಗೆ ಮನೆ ಹಿಡಿದಿದ್ದೀರಿ. ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನ ಹೇಳಿಕೊಟ್ಟ ಟೀಚರ್ ಈಗ ಕೋಳಿ ಸುಕ್ಕದ ವಿಷಯ ಬರೆಯಲು ಕುಳಿತದ್ದೇಕೆ ಅಂತ ಕೇಳಬಹುದು. ಹೇಳುತ್ತೇನೆ.

ಕಳೆದ ತಿಂಗಳು ಮಗಳ ಮನೆಗೆಂದು ಬೆಂಗಳೂರಿಗೆ ಬಂದಿದ್ದೆ. ಒಂದು ಭಾನುವಾರ ನಿಮ್ಮಲ್ಲಿ ಮೂವರು ಬಂದು, ಬಿಡದೆ ನನ್ನನ್ನು ನಿಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದಿರಿ. ಆ ಪ್ರೀತಿಯನ್ನು ಮರೆಯಲಾರೆ. ಊಟ ಮೊಬೈಲಿನಲ್ಲಿ ಹೇಳಿ ತರಿಸಿದ್ದು. ಡಬ್ಬಿಯ ಮುಚ್ಚಳ ತೆಗೆದರೆ ಕೆಂಪು ಎಣ್ಣೆ, ಅದರೊಳಗೆ ಎಲುಬಿಲ್ಲದ ತುಂಡುಗಳು, ಕಾಯಿಯ ಸುಳಿವೇ ಇಲ್ಲ. ಹೆಸರು ಮಾತ್ರ ಕೋಳಿ ಸುಕ್ಕ. ನಿಮ್ಮಲ್ಲೊಬ್ಬ ಎರಡು ತುತ್ತು ತಿಂದು ಕೈ ನಿಲ್ಲಿಸಿ, "ಟೀಚರ್, ನಮ್ ಅಮ್ಮ ಮಾಡೂದ್ ಹಿಂಗಲ್ಲ" ಅಂದ. "ಮತ್ತೆ ಹೇಗೆ ಮಾಡ್ತಾರೆ?" ಅಂತ ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಹದಿನೆಂಟು ವರ್ಷ ಆ ಮನೆಯಲ್ಲೇ ಉಂಡು ಬೆಳೆದವರು, ಇಂಥ ಪದಾರ್ಥ ಇಷ್ಟು ಬೀಳುತ್ತದೆ ಅಂತ ಒಬ್ಬರಿಗೂ ಹೇಳಲಾಗಲಿಲ್ಲ. ಹೊರಡುವಾಗ, "ನೀವೇ ಒಂದು ರೆಸಿಪಿ ವಾಟ್ಸಾಪ್ ಮಾಡಿ ಟೀಚರ್" ಅಂದಿರಿ.

ಊರಿಗೆ ಬಂದು ಬರೆಯಲು ಕುಳಿತೆ. ಹತ್ತು ಸಾಲಿಗೆ ಮುಗಿಯಲಿಲ್ಲ. ನಿಮಗೆ ಮೂವರಿಗೆ ಮಾತ್ರ ಹೇಳಿದರೆ ಸಾಲದು ಅಂತಲೂ ಅನ್ನಿಸಿತು. ನಾನು ಹೇಳಬೇಕಾದದ್ದು ಇಷ್ಟು: ನಮ್ಮ ಕಡೆಯ ಒಂದು ಮಸಾಲೆ ಪುಡಿಯನ್ನು ನಿಮ್ಮ ಕೈಯಾರೆ ಹುರಿದು ಮಾಡುವುದನ್ನು ಕಲಿಯಿರಿ. ಅದೊಂದು ಬಂದರೆ ಸುಕ್ಕ ಬಂತು, ಸಾರು ಬಂತು, ಘೀ ರೋಸ್ಟ್ ಬಂತು. ಅದರ ಅಳತೆ ನಿಮ್ಮ ಕೈಗೆ ಬಾರದೆ ಹೋದರೆ, ಇನ್ನು ಕೆಲವೇ ವರ್ಷದಲ್ಲಿ ನಿಮ್ಮ ಮನೆಯ ರುಚಿ ಯಾರ ಕೈಯಲ್ಲೂ ಉಳಿಯುವುದಿಲ್ಲ.

ಇದು ನನಗೆ ಗೊತ್ತಾದ ಬಗೆಯನ್ನು ಹೇಳುತ್ತೇನೆ. ನನ್ನ ಅಮ್ಮ ಕೊನೆಯವರೆಗೂ ವರ್ಷಕ್ಕೆರಡು ಸಲ ಮಸಾಲೆ ಪುಡಿ ಮಾಡುತ್ತಿದ್ದಳು. ಎಷ್ಟು ಕೊತ್ತಂಬರಿ ಅಂತ ಕೇಳಿದರೆ, "ನಂಗೆಂತ ಗೊತ್ತಿತ್ತ್, ಕೈಗೆ ಗೊತ್ತಿತ್ತ್" ಅನ್ನುತ್ತಿದ್ದಳು. ಕುಂದಾಪ್ರ ಕನ್ನಡದಲ್ಲಿ "ಇತ್ತ್" ಅಂದರೆ "ಇದೆ" ಅಂತ ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಮಕ್ಕಳಿಗೆ ಹೇಳಬೇಕಾಗಬಹುದು. ಒಂದು ಬೇಸಿಗೆ ರಜೆಯಲ್ಲಿ ಡಿಜಿಟಲ್ ತಕ್ಕಡಿಯೊಂದನ್ನು ತಂದು ಅಮ್ಮನ ಪಕ್ಕದಲ್ಲಿ ಇಟ್ಟುಕೊಂಡು ಕುಳಿತೆ. ಅವಳು ಮುಷ್ಟಿ ತುಂಬಿ ಕೊತ್ತಂಬರಿ ತೆಗೆದು ಬಾಣಲೆಗೆ ಹಾಕಲು ಹೊರಟಾಗ ಕೈ ಹಿಡಿದು, ಮೊದಲು ತಟ್ಟೆಗೆ ಹಾಕಿಸಿದೆ. 33 ಗ್ರಾಂ. ಎರಡನೆಯ ಮುಷ್ಟಿ 34. ಮೂರನೆಯದು ಮತ್ತೆ 33. ಮೆಂತೆಯನ್ನು ಮೂರು ಬೆರಳಲ್ಲಿ ಐದು ಸಲ ತೆಗೆದಳು, ತೂಗಿದರೆ 10 ಗ್ರಾಂ. ಮೂವತ್ತು ವರ್ಷ ಮಕ್ಕಳಿಗೆ ಅಳತೆಯ ಪಾಠ ಮಾಡಿದವಳು ನಾನು. ಅಕ್ಷರ ಓದಲು ಬಾರದ ಆ ಕೈಯ ನಿಖರತೆ ನೋಡಿ ಮಾತು ಹೊರಡಲಿಲ್ಲ. ಅಂದಾಜು ಅಂದರೆ ಅಳತೆ ಇಲ್ಲದ್ದು ಅಂತ ನಾವು ತಿಳಿದಿದ್ದೇವೆ. ಸಾವಿರ ಸಲ ಅಳೆದು ಕೈಗೆ ಇಳಿದ ಅಳತೆಗೆ ಅಂದಾಜು ಅಂತ ಹೆಸರು.

ಅದಾಗಿ ಎರಡು ವರ್ಷಕ್ಕೆ ಅಮ್ಮ ತೀರಿಕೊಂಡಳು. ಆ ದಿನ ಬರೆದಿಟ್ಟ ಚೀಟಿ ನನ್ನಲ್ಲಿದೆ. ಅದರಲ್ಲಿರುವುದನ್ನು ನಿಮಗೆ ಕೊಡುತ್ತೇನೆ.

ಬ್ಯಾಡಗಿ ಮೆಣಸು 200 ಗ್ರಾಂ, ಕೊತ್ತಂಬರಿ 100 ಗ್ರಾಂ, ಜೀರಿಗೆ 20, ಒಳ್ಳೆಮೆಣಸು 20, ಮೆಂತೆ 10, ಅರಸಿನ ಪುಡಿ ಒಂದು ಸಣ್ಣ ಚಮಚ, ಬೆಳ್ಳುಳ್ಳಿ ಒಂದು ಇಡೀ ಗಡ್ಡೆ, ಹುರಿಯಲು ಎರಡು ಮೂರು ಚಮಚ ತೆಂಗಿನೆಣ್ಣೆ. ಇದರಿಂದ ಬರುವ ಪುಡಿ ಸುಮಾರು ಹನ್ನೆರಡು ಕಿಲೋ ಕೋಳಿಗೆ ಸಾಕು, ಅಂದರೆ ಹನ್ನೆರಡು ಭಾನುವಾರಕ್ಕೆ. ಖಾರ ಹೆಚ್ಚು ಬೇಕೆನ್ನುವವರು ಬ್ಯಾಡಗಿಯಲ್ಲಿ 30 ಗ್ರಾಂ ಕಡಿಮೆ ಮಾಡಿ ಅಷ್ಟೇ ಗುಂಟೂರು ಮೆಣಸು ಹಾಕಿ.

ಹುರಿಯುವುದರಲ್ಲೇ ಎಲ್ಲ ಇದೆ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ, ಒಂದೊಂದಕ್ಕೆ ಒಂದೊಂದು ಹೊತ್ತು. ಸಣ್ಣ ಉರಿಯಲ್ಲಿ ಮೊದಲು ಕೊತ್ತಂಬರಿ. ಐದಾರು ನಿಮಿಷಕ್ಕೆ ಹಸಿ ವಾಸನೆ ಹೋಗಿ ಘಮ ಬರುತ್ತದೆ, ಎರಡು ಕಾಳನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಆಗ ತೆಗೆಯಿರಿ. ಜೀರಿಗೆ ಚಟಪಟ ಅನ್ನತೊಡಗಿದ ಕೂಡಲೇ ತೆಗೆಯಬೇಕು. ಒಳ್ಳೆಮೆಣಸು ಬಿಸಿಯಾಗಿ ಹಿಗ್ಗಿದರೆ ಸಾಕು. ಮೆಂತೆಯ ಹತ್ತಿರ ಮಾತ್ರ ಫೋನು ಹಿಡಿದುಕೊಂಡು ನಿಲ್ಲಬೇಡಿ. ಹೊಂಬಣ್ಣದಿಂದ ಕಂದು ಬಣ್ಣಕ್ಕೆ ತಿರುಗಲು ಅದಕ್ಕೆ ಅರ್ಧ ನಿಮಿಷ ಸಾಕು, ಕಂದಿದ ಮೆಂತೆ ಇಡೀ ಪುಡಿಯನ್ನು ಕಹಿ ಮಾಡುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಕೈಯಲ್ಲಿ ಹಾಗೆ ಒಂದು ಸೇರು ಮಸಾಲೆ ಹಾಳಾಗಿತ್ತು. ಅತ್ತೆ ಒಂದು ಮಾತೂ ಆಡಲಿಲ್ಲ. ಮರುದಿನ ನನ್ನನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು, ಮೆಂತೆ ಹುರಿಯುವಾಗ ಕಣ್ಣಿಗಿಂತ ಮೂಗು ಬೇಗ ಹೇಳುತ್ತದೆ ಅಂತ ಕಲಿಸಿದರು. ಆ ಪಾಠ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಕೊನೆಗೆ ಸ್ವಲ್ಪ ತೆಂಗಿನೆಣ್ಣೆಯಲ್ಲಿ ಮೆಣಸು. ಉಬ್ಬಿ ಗರಿಗರಿಯಾಗಬೇಕು, ಕಪ್ಪಾಗಬಾರದು. ಅದೇ ಬಾಣಲೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ನೀರಿನ ಪಸೆ ಹೋಗುವವರೆಗೆ ಹುರಿಯಿರಿ, ಪಸೆ ಉಳಿದರೆ ಪುಡಿ ಬೂಸ್ಟು ಹಿಡಿಯುತ್ತದೆ. ಎಲ್ಲ ಪೂರ್ತಿ ಆರಿದ ಮೇಲೆ ಅರಸಿನ ಸೇರಿಸಿ ಮಿಕ್ಸಿಯಲ್ಲಿ ಪುಡಿ ಮಾಡಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಹುರಿಯುವಾಗ ಮನೆಯವರು ಕೆಮ್ಮದ ಹಾಗೆ ಕಿಟಕಿ ತೆರೆದಿಟ್ಟುಕೊಳ್ಳಿ.

ಈಗ ಸ್ವಲ್ಪ ಪಾಠ ಕೇಳಿ. ಬ್ಯಾಡಗಿಯೇ ಯಾಕೆ? ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸುಕ್ಕುಗಟ್ಟಿದ ಸಿಪ್ಪೆ, ಗಾಢ ಬಣ್ಣ, ಕಡಿಮೆ ಖಾರ ಇದರ ಲಕ್ಷಣ. ಅದಕ್ಕೇ ಒಂದು ಹಿಡಿ ಹಾಕಿದರೂ ನಾಲಿಗೆ ಸುಡುವುದಿಲ್ಲ, ಸಾರಿಗೆ ಬಣ್ಣವೂ ಬರುತ್ತದೆ, ಮೈಯೂ ಬರುತ್ತದೆ. ಅಂಗಡಿಯ ಸುಕ್ಕದಲ್ಲಿ ಬಣ್ಣದ ಪುಡಿ ಮಾಡುವ ಕೆಲಸವನ್ನು ನಮ್ಮ ಮನೆಗಳಲ್ಲಿ ಬ್ಯಾಡಗಿ ಮಾಡುತ್ತದೆ. ಮೆಣಸಿನ ಕೆಂಪೂ ಖಾರವೂ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ತುಪ್ಪದಲ್ಲಿ ಮಸಾಲೆ ಬಾಡಿಸಿದಾಗ ತುಪ್ಪವೇ ಕೆಂಪಾಗುವುದು ಇದಕ್ಕೆ. ಖಾರ ಹೆಚ್ಚಾದಾಗ ನೀರು ಕುಡಿದರೆ ಶಮನವಾಗದು, ಮೊಸರು ಅಥವಾ ಹಾಲು ಬೇಕು ಅನ್ನುವುದೂ ಇದಕ್ಕೇ.

ನೀವು ಶಾಲೆ ಬಿಟ್ಟ ಮೇಲೆ ನಡೆದ ಒಂದು ಸಂಗತಿ ಇದೆ. ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಗೆ 2021ರಲ್ಲಿ ನೊಬೆಲ್ ಬಂತು. ಮೆಣಸಿನ ಕ್ಯಾಪ್ಸೈಸಿನ್ ಹಿಡಿದುಕೊಂಡು ಹೊರಟು, ನಮ್ಮ ನರದ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನು ಅವರು ಪತ್ತೆ ಹಚ್ಚಿದ್ದರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಎಚ್ಚರವಾಗುವ ಅದೇ ಗ್ರಾಹಕ ಮೆಣಸಿಗೂ ಎಚ್ಚರವಾಗುತ್ತದೆ. ಖಾರ ತಿಂದಾಗ ಬಾಯಿ ಉರಿಯಿತು ಅನ್ನುತ್ತೇವಲ್ಲ, ಆ ಮಾತು ನಿಜಕ್ಕೂ ಸರಿಯೇ. ಹಕ್ಕಿಗಳ ಗ್ರಾಹಕಕ್ಕೆ ಮಾತ್ರ ಕ್ಯಾಪ್ಸೈಸಿನ್ ಗೊತ್ತಾಗುವುದಿಲ್ಲ. ಅಂಗಳದಲ್ಲಿ ಮೆಣಸು ಒಣಹಾಕಿದಾಗ ಕೋಳಿಗಳು ಬಂದು ಬೀಜ ಹೆಕ್ಕುತ್ತಿದ್ದುದನ್ನು, ಅಜ್ಜಿ ಕೋಲು ಹಿಡಿದು ಓಡಿಸುತ್ತಿದ್ದುದನ್ನು ನೀವು ಕಂಡಿರಬೇಕು. ಅವಕ್ಕೆ ಅದು ಬರೀ ಕಾಳು.

ಇನ್ನೊಂದು, ಒಳ್ಳೆಮೆಣಸಿನ ವಿಷಯ. ಪೇಟೆಯಲ್ಲಿ ಕಾಳುಮೆಣಸು ಅನ್ನುವುದನ್ನು ನಮ್ಮಲ್ಲಿ ಒಳ್ಳೆಮೆಣಸು ಅನ್ನುತ್ತೇವೆ, ತುಳುವಿನವರು ಎಡ್ಡೆ ಮುಂಚಿ ಅನ್ನುತ್ತಾರೆ, ಅರ್ಥ ಒಂದೇ. ಕೆಂಪು ಮೆಣಸು ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಈ ಕರಾವಳಿಗೆ ಬಂದ ಮೇಲೆ ಇಲ್ಲಿಗೆ ಬಂದದ್ದು. ಅದಕ್ಕೆ ಮೊದಲು ಇಲ್ಲಿಯ ಅಡುಗೆಗೆ ಖಾರ ಕೊಡುತ್ತಿದ್ದದ್ದು ನಮ್ಮ ತೋಟದ ಬಳ್ಳಿ. ಹೊಸದು ಬಂದ ಮೇಲೂ ಹಳೆಯದನ್ನು "ಒಳ್ಳೆ" ಅಂತ ಕರೆದು ಉಳಿಸಿಕೊಂಡರು, ಮಸಾಲೆಯಲ್ಲಿಯೂ ಅದರ ಪಾಲು ಬಿಡಲಿಲ್ಲ. ಆ 20 ಗ್ರಾಂ ನೀವೂ ಬಿಡಬೇಡಿ.

ಇನ್ನು ಸುಕ್ಕ. ಒಂದು ಕಿಲೋ ಕೋಳಿ, ಎಲುಬು ಸಮೇತ, ಸಣ್ಣ ತುಂಡು. ಅಂಗಡಿಯಲ್ಲಿ ಸುಕ್ಕಕ್ಕೆ ಅಂತ ಹೇಳಿಯೇ ಕತ್ತರಿಸಿಸಿಕೊಳ್ಳಿ. ಎಲುಬಿನ ರಸ ಇಳಿಯದೆ ಸುಕ್ಕಕ್ಕೆ ರುಚಿ ಇಲ್ಲ. ಉಪ್ಪು, ಅರಸಿನ ಸವರಿ ಇಪ್ಪತ್ತು ನಿಮಿಷ ಇಡಿ. ದಪ್ಪ ತಳದ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ತೆಂಗಿನೆಣ್ಣೆ, ಎರಡು ನೀರುಳ್ಳಿ ಸಣ್ಣಗೆ ಹೆಚ್ಚಿದ್ದು, ಒಂದು ಎಸಳು ಕರಿಬೇವು. ನೀರುಳ್ಳಿ ಕೆಂಪಾಗುವವರೆಗೆ ತಾಳ್ಮೆ ಇರಲಿ. ಕೋಳಿ ಹಾಕಿ ಐದು ನಿಮಿಷ ದೊಡ್ಡ ಉರಿಯಲ್ಲಿ ತಿರುವಿ. ಆಮೇಲೆ ಪುಡಿ ಮೂರು ದೊಡ್ಡ ಚಮಚ, ಸಣ್ಣ ನೆಲ್ಲಿಕಾಯಿಯಷ್ಟು ಹುಣಸೆಹುಳಿಯ ರಸ, ಅರ್ಧ ಲೋಟ ನೀರು. ಮುಚ್ಚಿ ಸಣ್ಣ ಉರಿಗೆ ಇಳಿಸಿ. ಪೇಟೆಯ ಬ್ರಾಯ್ಲರ್ ಕೋಳಿ ಆರು ವಾರದ ಮರಿ, ಇಪ್ಪತ್ತೈದು ನಿಮಿಷಕ್ಕೆ ಬೇಯುತ್ತದೆ. ಊರಿನ ಕೋಳಿಯಾದರೆ ಒಂದು ಗಂಟೆ ಬೇಕು, ಇಲ್ಲವೆ ಮೊದಲು ಕುಕ್ಕರಿನಲ್ಲಿ ಬೇಯಿಸಿಕೊಳ್ಳಿ.

ಕೋಳಿ ಬೇಯುವಾಗ ಕಾಯಿಯ ಕೆಲಸ. ಅರ್ಧ ದೊಡ್ಡ ಕಾಯಿಯ ತುರಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಸಣ್ಣ ಚಮಚ ಜೀರಿಗೆ, ಚಿಟಿಕೆ ಅರಸಿನ. ನೀರು ಮುಟ್ಟಿಸದೆ ಮಿಕ್ಸಿಯಲ್ಲಿ ಎರಡು ಸುತ್ತು, ಅಷ್ಟೇ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಇದನ್ನು ಬೇರೆ ಬಾಣಲೆಯಲ್ಲಿ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ. ಪಾತ್ರೆಯ ಮುಚ್ಚಳ ತೆಗೆದು ನೋಡಿ: ನೀರು ಬತ್ತಿ, ಮಸಾಲೆ ತುಂಡಿಗೆ ಅಂಟಿ, ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡಿರುತ್ತದೆ. ಆಗ ಕಾಯಿ ಸೇರಿಸಿ, ಕೆಳಗಿನಿಂದ ಮೇಲಕ್ಕೆ ಹಗುರವಾಗಿ ತಿರುವಿ. ಬಿಳಿ ಕಾಯಿ ಒಂದೊಂದೇ ಕಾಳು ಕೆಂಪಾಗುತ್ತಾ ಹೋಗುತ್ತದೆ. ಐದು ನಿಮಿಷ ಮುಚ್ಚಿಟ್ಟು ಒಲೆ ಆರಿಸಿ. ಕೂಡಲೇ ತಿನ್ನಬೇಡಿ. ಅರ್ಧ ಗಂಟೆ ಬಿಟ್ಟರೆ ಉಪ್ಪು, ಹುಳಿ, ಖಾರ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಅದೇ ಪುಡಿ, ಅದೇ ಕೋಳಿ, ಅದೇ ಕಾಯಿ ಸಾರಾಗುವುದು ಹೀಗೆ: ಕಾಯಿಯನ್ನು ತರಿಯಾಗಿ ಬಿಡುವ ಬದಲು, ಮೂರು ಚಮಚ ಪುಡಿ, ಹುಳಿ, ಬಾಡಿಸಿದ ಒಂದು ನೀರುಳ್ಳಿ ಸೇರಿಸಿ ಗಂಧದ ಹಾಗೆ ನುಣ್ಣಗೆ ಅರೆಯಿರಿ. ಬೆಂದ ಕೋಳಿಗೆ ಸೇರಿಸಿ ಕುದಿಸಿ. ಬೇಕಾದರೆ ಕೊನೆಯಲ್ಲಿ ಒಂದು ಲೋಟ ದಪ್ಪ ಕಾಯಿಹಾಲು, ಅದನ್ನು ಹಾಕಿದ ಮೇಲೆ ಕುದಿ ಬರಗೊಡಬೇಡಿ, ಒಡೆಯುತ್ತದೆ. ಗರಿಗರಿ ಒಣ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಹಾಕಿ ಮೇಲೆ ಬಿಸಿ ಸಾರು ಹೊಯ್ದರೆ ಅದು ಕೋಳಿ ರೊಟ್ಟಿ. ರೊಟ್ಟಿಯ ಪ್ಯಾಕೆಟ್ಟು ತಿಂಗಳುಗಟ್ಟಲೆ ಕೆಡುವುದಿಲ್ಲ, ಊರಿಂದ ಹೋಗುವಾಗ ಚೀಲದಲ್ಲಿಟ್ಟುಕೊಳ್ಳಿ.

ಘೀ ರೋಸ್ಟ್ ನಮ್ಮೂರಿನದೇ. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ಹುಟ್ಟಿತು ಅಂತ ಅದರ ಚರಿತ್ರೆ ಬಲ್ಲವರು ಹೇಳುತ್ತಾರೆ, ಈಗ ದೇಶದ ಅನೇಕ ದೊಡ್ಡ ಊರುಗಳ ಹೋಟೆಲುಗಳಲ್ಲೂ ಸಿಗುತ್ತದೆ. ಹೋಟೆಲಿನ ಕ್ರಮದಲ್ಲಿ ಅದಕ್ಕೆ ಮಸಾಲೆ ಬೇರೆ ಅರೆಯಬೇಕು. ಮನೆಯ ಮಟ್ಟಿಗೆ ಹೀಗೆ ಮಾಡಿ: ಕೋಳಿಯನ್ನು ಅರ್ಧ ಲೋಟ ಮೊಸರು, ಉಪ್ಪು, ಅರಸಿನದಲ್ಲಿ ಒಂದು ಗಂಟೆ ನೆನೆಸಿ ಅದರ ನೀರಿನಲ್ಲೇ ಬೇಯಿಸಿಡಿ. ಇನ್ನೊಂದು ಪಾತ್ರೆಯಲ್ಲಿ ಐದಾರು ಚಮಚ ತುಪ್ಪ, ಅದಕ್ಕೆ ಹುಳಿರಸದಲ್ಲಿ ಕಲಸಿದ ನಾಲ್ಕು ಚಮಚ ಪುಡಿ. ತುಪ್ಪ ಬಿಟ್ಟುಕೊಳ್ಳುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿ, ಸ್ವಲ್ಪ ಬೆಲ್ಲ, ಆಮೇಲೆ ಕೋಳಿ. ಕಾಯಿ ಇಲ್ಲ, ನೀರುಳ್ಳಿ ಇಲ್ಲ. ತುಪ್ಪಕ್ಕೆ ಮಾತ್ರ ಜಿಪುಣತನ ಬೇಡ.

ಉಳಿದ ಸುಕ್ಕ ಸೋಮವಾರ ಬೆಳಿಗ್ಗೆ ನೀರುದೋಸೆಗೆ, ರಾತ್ರಿ ಚಪಾತಿಗೆ, ಮಂಗಳವಾರ ಎರಡು ಮೊಟ್ಟೆ ಒಡೆದು ಹಾಕಿ ಅನ್ನಕ್ಕೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡದೆ ಫ್ರಿಜ್ಜಿಗೆ ಸೇರಿಸಿ, ತಿನ್ನುವಾಗ ಚೆನ್ನಾಗಿ ಬಿಸಿ ಮಾಡಿ. ಫ್ರಿಜ್ಜಿಲ್ಲದ ಕಾಲದಲ್ಲಿ ನಮ್ಮ ಅಮ್ಮಂದಿರು ಬೆಳಿಗ್ಗೆ ಸಂಜೆ ಸಾರು ಕುದಿಸಿ ಇಡುತ್ತಿದ್ದದ್ದೂ ಅದು ಕೆಡದಿರಲಿ ಅಂತಲೇ. ನಿಮ್ಮಲ್ಲಿ ಮಾಂಸ ತಿನ್ನದವರೂ ಇದ್ದೀರಿ. ಅದೇ ಪುಡಿಯಲ್ಲಿ ಕಡಲೆ, ಎಳೆ ಹಲಸು, ಅಣಬೆ ಏನು ಸುಕ್ಕ ಮಾಡಿದರೂ ಒಪ್ಪುತ್ತದೆ. ಒಂದೇ ಮನೆಯಲ್ಲಿರುವ ನಾಲ್ವರು ಒಂದೇ ಬಾಟಲಿಯಿಂದ ಎರಡು ಪಾತ್ರೆಯಲ್ಲಿ ಅಡುಗೆ ಮಾಡಿ ಒಟ್ಟಿಗೆ ಕುಳಿತು ಉಣ್ಣಬಹುದು.

ಹುಡುಗರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅಡುಗೆ ಹೆಂಗಸರ ಕೆಲಸ ಅಂತ ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ, ನಮ್ಮ ಜಿಲ್ಲೆಯ ಚರಿತ್ರೆ ಮರೆತಿದ್ದೀರಿ. ನಿಮ್ಮ ಅಜ್ಜಂದಿರು ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದರು, ದೋಸೆ ಹೊಯ್ದರು, ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಓದಿದರು. ಆ ದುಡ್ಡಿನಲ್ಲಿ ಊರಿನ ಮನೆಗೆ ಹೆಂಚು ಬಂತು, ತಂಗಿಯರ ಮದುವೆಯಾಯಿತು, ನಿಮ್ಮ ಅಪ್ಪಂದಿರು ಕಾಲೇಜು ಕಂಡರು. ಊರು ನಿಂತದ್ದು ಗಂಡಸರ ಅಡುಗೆಯ ದುಡಿಮೆಯಿಂದ. ಹೆಂಡತಿ ಆಫೀಸಿನಿಂದ ಎಂಟು ಗಂಟೆಗೆ ಬಂದು ಒಲೆ ಹಚ್ಚುವಾಗ ಟಿವಿ ನೋಡುತ್ತಾ ಕುಳಿತರೆ ಆ ಅಜ್ಜಂದಿರಿಗೆ ಮರ್ಯಾದೆ ಅಲ್ಲ.

ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ನೀವು ಎಲ್ಲೆಲ್ಲಿದ್ದೀರೋ ಅಲ್ಲಲ್ಲಿ ಸೇರುತ್ತೀರಿ. ಆ ಚಿತ್ರಗಳನ್ನು ನೋಡಿ ನನಗೆ ಕಣ್ಣು ತುಂಬುತ್ತದೆ. ಭಾಷೆ ಬಾಯಲ್ಲಿ ಉಳಿಯುವುದು ಆಡಿದರೆ, ರುಚಿ ಉಳಿಯುವುದು ಮಾಡಿದರೆ. ಹಬ್ಬದ ಊಟವನ್ನು ಕೇಟರಿಂಗಿನವರಿಗೆ ಕೊಡುವ ಬದಲು ಒಂದು ಪದಾರ್ಥವನ್ನಾದರೂ ನೀವೇ ಕೈ ಸೇರಿಸಿ ಮಾಡಿ.

ಈಗ ನಿಮ್ಮಿಂದ ಕೇಳುವುದು. ಮುಂದಿನ ನಾಲ್ಕು ಭಾನುವಾರ ಈ ಸುಕ್ಕ ಮಾಡಿ. ಮೊದಲ ಸಲ ತಕ್ಕಡಿ ಇಟ್ಟುಕೊಂಡು ಮಾಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಾಲ್ಕನೆಯ ಸಲಕ್ಕೆ ಪುಡಿ ತೆಗೆಯುವ ಚಮಚವನ್ನು ನೋಡದೆಯೇ ಕೈ ನಿಲ್ಲಿಸುತ್ತೀರಿ, ಮಸಾಲೆಯ ಹದ ವಾಸನೆಯಲ್ಲೇ ತಿಳಿಯತೊಡಗುತ್ತದೆ.

ಆದರೆ ನನ್ನ ಚೀಟಿಯಲ್ಲೇ ನಿಂತುಬಿಡಬೇಡಿ. ಇದು ನನ್ನ ಮನೆಯ ಲೆಕ್ಕ. ನಿಮ್ಮ ಮನೆಯದು ಬೇರೆ ಇರುತ್ತದೆ. ಮೊಗವೀರರ ಮನೆಯಲ್ಲಿ ಹುಳಿ ಒಂದು ಕೈ ಮುಂದೆ ಇರಬಹುದು, ಕ್ರೈಸ್ತರ ಮನೆಯಲ್ಲಿ ಬಫಾತ್ ಪುಡಿಯ ಘಮ ಇರುತ್ತದೆ, ಬ್ಯಾರಿಗಳ ಮನೆಯದ್ದಕ್ಕೆ ಅದರದ್ದೇ ಹದ. ಅದನ್ನೆಲ್ಲ ನಾನು ಬರೆದುಕೊಡಲಾರೆ. ಅದು ನಿಮ್ಮ ಅಮ್ಮನ ಕೈಯಲ್ಲಿದೆ, ಕೆಲವರಿಗೆ ಅಜ್ಜಿಯ ಕೈಯಲ್ಲಿ, ಒಬ್ಬಿಬ್ಬರಿಗೆ ಅಪ್ಪನ ಕೈಯಲ್ಲಿ. ಮುಂದಿನ ರಜೆಗೆ ಬರುವಾಗ ಚೀಲದಲ್ಲಿ ಒಂದು ಸಣ್ಣ ತಕ್ಕಡಿ ಇಟ್ಟುಕೊಂಡು ಬನ್ನಿ. ಅಮ್ಮ ಮಸಾಲೆ ಹುರಿಯಲು ಕುಳಿತಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ಕೊತ್ತಂಬರಿ ಬಾಣಲೆಗೆ ಬೀಳುವ ಮುಂಚೆ ಆ ಮುಷ್ಟಿಯನ್ನು ಹಿಡಿದು, ತಟ್ಟೆಗೆ ಹಾಕಿಸಿ, ತೂಗಿ ಬರೆದುಕೊಳ್ಳಿ.

ನನ್ನ ಅಮ್ಮನದು 33 ಗ್ರಾಂ ಇತ್ತು. ನಿಮ್ಮ ಅಮ್ಮನದು ಎಷ್ಟು ಅಂತ ನನಗೆ ಬರೆದು ತಿಳಿಸಿ. ನಾನು ಕಾಯುತ್ತಿರುತ್ತೇನೆ.

ನಿಮ್ಮ ಪ್ರೀತಿಯ,
ವಿಜ್ಞಾನ ಟೀಚರ್
ಕುಂದಾಪುರ